ಕಟ್ಟಿಗೆಯ ಕತ್ತಿ ಕಲಿಸಿದ ಪಾಠ



ಈ ಸಲದ ಗೋಡೆ ಪತ್ರಿಕೆಗೆ ಕೋಲು ವರಸೆಯ ಬಗ್ಗೆ ಬರೆದುಕೊಡು ಎಂದು ನಮ್ಮ ಸಮಾಜ ವಿಜ್ಞಾನದ ಸರ್ ಹೇಳಿದರು. ನಾನು ದಿನಾ ಸಂಜೆ ಊರ ಗರಡಿ ಮನಿಗೆ ಹೋಗುವುದು ಅವರಿಗೆ ಗೊತ್ತು. ಆದರೆ ನಡುವೆ ಹದಿನೈದು ದಿನ ನನ್ನ ಕೈಗೆ ಕೋಲು ಕೊಟ್ಟಿರಲಿಲ್ಲ ಎಂಬುದು ಗೊತ್ತಿಲ್ಲ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮ ಗರಡಿ ಮನಿ

ನಮ್ಮದು ಎರಿ ನೆಲ. ಗರಡಿಗೆ ಕೆಂಪು ಮಣ್ಣೇ ಬೇಕು. ಅದನ್ನು ಹಿಂದೆ ಹಿರಿಯರು ಗಜೇಂದ್ರಗಡದ ಗುಡ್ಡದ ಕಡೆಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದರಂತೆ. ಗೋಡೆಯ ಗೂಡಿನಲ್ಲಿ ಹನುಮಪ್ಪ, ಮೂಲೆಯಲ್ಲಿ ಎತ್ತುವ ಗುಂಡು, ಬಿದಿರಿನ ಕೋಲುಗಳು. ಒಳಗೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಕಲಿಸುವವರು ವಸ್ತಾದ ಅಜ್ಜಾರು. ಈಗ ಕಲಿಯುವವರು ಆರೇ ಮಂದಿ.

ವರಸೆ ಅಂದರೆ ಮಗ್ಗಿ ಇದ್ದ ಹಾಗೆ. ಮೊದಲು ನಿಲ್ಲುವುದು, ಆಮೇಲೆ ಹೆಜ್ಜೆ, ಆಮೇಲೆ ಕೈ. ತಲೆ, ಹೆಗಲು, ಪಕ್ಕೆ, ಮೊಣಕಾಲು, ಈ ನಾಲ್ಕು ಕಡೆ ಹೊಡೆತ, ನಾಲ್ಕಕ್ಕೂ ತಡೆ. ನನಗೆ ಮೂರು ತಿಂಗಳು ಬರೀ ಹೆಜ್ಜೆಯನ್ನೇ ಹಾಕಿಸಿದರು.

ನಾನು ಮಾಡಿದ ತಪ್ಪು

ನನ್ನ ಜೋಡಿ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಹೊಲದ ಬದುವಿನ ಸಲುವಾಗಿ ನಮ್ಮ ಮನಿಗೂ ಅವರ ಮನಿಗೂ ಮಾತು ಬಿಟ್ಟಿತ್ತು. ಒಂದು ದಿನ ಅಪ್ಪ ಹೊಲದಿಂದ ಬೈಸಿಕೊಂಡು ಬಂದಿದ್ದ. ಅದೇ ಸಿಟ್ಟು ತಲೆಯಲ್ಲಿಟ್ಟುಕೊಂಡು ನಾನು ಗರಡಿಗೆ ಹೋದೆ. ತಲೆಯ ಹೊಡೆತ ಎಂದು ಅಜ್ಜಾರು ಕೂಗಿದರೆ, ಬೇಕಂತಲೇ ಅಣ್ಣನ ಮಣಿಕಟ್ಟಿಗೆ ಹೊಡೆದೆ. ಅವನ ಕೋಲು ಬಿತ್ತು. ಕೈ ಬಾತುಕೊಂಡಿತು.

ಅಜ್ಜಾರು ಬೈಯಲಿಲ್ಲ. "ಕೋಲ ಕೆಳಗಿಡು ತಮ್ಮಾ. ನಿನ್ನ ಕೈಯಾಗ ವರಸಿ ಇಲ್ಲ, ಸಿಟ್ಟು ಐತಿ. ಹದಿನೈದು ದಿನ ಬರೇ ಕುಂತು ನೋಡು" ಅಂದರು.

ಅಣ್ಣ ಮನಿಯಲ್ಲಿ ಚಕ್ಕಡಿಯಿಂದ ಜಾರಿ ಬಿದ್ದೆ ಎಂದು ಸುಳ್ಳು ಹೇಳಿದ. ನಿಜ ಹೇಳಿದ್ದರೆ ಎರಡೂ ಮನಿಯವರು ಅವತ್ತೇ ಬಡಿಗೆ ಹಿಡಿಯುತ್ತಿದ್ದರು.

ಜಪಾನಿನ ಕಟ್ಟಿಗೆಯ ಕತ್ತಿ

ಆ ದಿನಗಳಲ್ಲಿ ನಾನು ಜಪಾನಿನ ಬಗ್ಗೆ ಓದಿದೆ. ಅಲ್ಲಿಯ ಯೋಧರನ್ನು ಸಮುರಾಯ್ ಎನ್ನುತ್ತಿದ್ದರು. ಅವರ ಕತ್ತಿಯ ಹೆಸರು ಕಟಾನಾ. ಅದು ತುಸು ಬಾಗಿದ, ಒಂದೇ ಬದಿಗೆ ಹರಿತವಿರುವ, ಎರಡೂ ಕೈಯಿಂದ ಹಿಡಿಯುವ ಕತ್ತಿ. ಕಲಿಯುವಾಗ ಮಾತ್ರ ಬೊಕ್ಕೆನ್ ಎಂಬ ಕಟ್ಟಿಗೆಯ ಕತ್ತಿ ಹಿಡಿಯುತ್ತಾರೆ. ಅದರ ಉದ್ದ ಸುಮಾರು 1 ಮೀಟರ್. 4 ಬಿದಿರಿನ ಸೀಳುಗಳನ್ನು ಕಟ್ಟಿ ಮಾಡಿದ ಶಿನಾಯ್ ಎಂಬುದೂ ಉಂಟು.

1876ರಲ್ಲಿ ಅಲ್ಲಿಯ ಸರಕಾರ, ಸೈನಿಕರು ಪೊಲೀಸರಂಥವರನ್ನು ಬಿಟ್ಟು ಬೇರೆ ಯಾರೂ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ತಿರುಗಬಾರದೆಂದು ಆಜ್ಞೆ ಮಾಡಿತು. ಆದರೂ ಕತ್ತಿಯ ವಿದ್ಯೆ ಸಾಯಲಿಲ್ಲ. ಅದು ಡೋಜೊ ಎಂಬ ಅವರ ಗರಡಿಗಳಲ್ಲಿ ಉಳಿಯಿತು. ಶಿನಾಯ್ ಹಿಡಿದು ಆಡುವ ಕೆಂಡೊ ಇಂದು ಅನೇಕ ದೇಶಗಳಲ್ಲಿದೆ. ಕೆಂಡೊ ಅಂದರೆ ಕತ್ತಿಯ ದಾರಿ.

ನಮ್ಮ ಸೀಮೆಯಲ್ಲಿ

ಆಯುಧ ಕಳೆದುಕೊಂಡ ನೋವು ನಮ್ಮ ಕಡೆಯೂ ಇದೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದು ಎಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. ಅದೇ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೇ ಬೆಂಕಿ ಹಚ್ಚಿತು. ಮರುವರ್ಷ ನಮ್ಮ ನರಗುಂದದ ಬಾಬಾಸಾಹೇಬರು ದಂಗೆ ಎದ್ದರು. ದತ್ತಕಕ್ಕೆ ಬ್ರಿಟಿಷರು ಒಪ್ಪಲಿಲ್ಲ ಎಂಬ ಸಂಕಟವೂ ಅವರಿಗಿತ್ತು. ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿ ಹತನಾದ. 1858ರ ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇದನ್ನೆಲ್ಲ ನಾನು ಅಜ್ಜಾರಿಗೆ ಓದಿ ಹೇಳಿದೆ. ಅವರು ಎಲ್ಲ ಕೇಳಿ, "ಜಪಾನದವರೂ ಕಟಗಿ ಹಿಡದ ಕಲೀತಾರೇನು?" ಅಂದರು. ಹೌದ್ರೀ ಅಂದೆ. "ಮತ್ತ ಜೋಡಿದಾರಗ ಪೆಟ್ಟು ಬೀಳೂದಿಲ್ಲೇನು?" ಎಂದು ಕೇಳಿದರು. ಆಗ ನನಗೆ ನಾಚಿಕೆಯಾಯಿತು. ಏಕೆಂದರೆ ಉತ್ತರ ಪುಸ್ತಕದಲ್ಲಿಯೇ ಇತ್ತು.

ಎರಡಕ್ಕೂ ಇರುವ ಹೋಲಿಕೆ

1. ಗರಡಿಯಲ್ಲಿ ಮಣ್ಣಿಗೆ ನಮಸ್ಕಾರ ಮಾಡುತ್ತೇವೆ. ಡೋಜೊದಲ್ಲಿ ತಲೆಬಾಗಿ ಒಳಗೆ ಹೋಗುತ್ತಾರೆ.
2. ನಮಗೆ ವರಸೆ, ಅವರಿಗೆ ಕಟಾ. ಎರಡೂ ಗೊತ್ತು ಮಾಡಿದ ಹೆಜ್ಜೆ, ಗೊತ್ತು ಮಾಡಿದ ಹೊಡೆತ. ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ಕಲಿಯುತ್ತಾನೆ.
3. ಜೋಡಿ ಕಟಾದಲ್ಲಿ ಬೊಕ್ಕೆನ್ನನ್ನು ಜೊತೆಗಾರನ ಮೈ ಮುಟ್ಟುವ ಮೊದಲೇ ನಿಲ್ಲಿಸುತ್ತಾರೆ. ಅಜ್ಜಾರೂ ನಮಗೆ ಹೇಳುವುದು ಅದನ್ನೇ, "ಒಂದು ಬೆರಳು ಬಿಟ್ಟು ನಿಲ್ಲಸು."

ಮೂರನೆಯದೇ ಎಲ್ಲಕ್ಕಿಂತ ಕಷ್ಟ. ಜೋರಾಗಿ ಬೀಸಿದ ಕೋಲನ್ನು ತಡೆಯಲು ಬರೀ ರಟ್ಟೆ ಸಾಲದು. ಕಾಲು ನೆಲ ಹಿಡಿದಿರಬೇಕು, ಅಂತರ ಗೊತ್ತಿರಬೇಕು, ಮನಸ್ಸು ಅಲ್ಲಿಯೇ ಇರಬೇಕು. ಅಜ್ಜಾರು ಅಂದರು: "ಹಾಯೂದು ಎತ್ತಿಗೂ ಬರತೈತಿ. ಎತ್ತಿದ ಕೋಲ ನಿಲ್ಲಸೂದು ಮನಷ್ಯಾಗ ಬರಬೇಕು."

ಹದಿನಾರನೆಯ ದಿನ

ಅಜ್ಜಾರು ಅಣ್ಣನನ್ನೇ ನನ್ನ ಎದುರು ನಿಲ್ಲಿಸಿದರು. ಅವನ ಕೈಯಲ್ಲಿ ಕೋಲಿಲ್ಲ. ಅವನ ತಲೆಯ ಮೇಲೆ ಬೀಸಿ ನಿಲ್ಲಿಸಬೇಕು ಎಂದರು. ನನ್ನ ಕೈ ನಡುಗಿತು. ಮೊದಲ ಸಲ ಒಂದು ಮೊಳ ಮೇಲೆಯೇ ನಿಲ್ಲಿಸಿದೆ. ಅಣ್ಣ ಕಣ್ಣು ಪಿಳುಕಿಸದೆ ನಿಂತು, "ಇನ್ನೂ ತುಸು ಕೆಳಗ ತಾರಲೇ, ಅಂಜಬ್ಯಾಡ" ಅಂದ. ಐದನೆಯ ಸಲಕ್ಕೆ ಕೋಲು ಅವನ ಕೂದಲಿನ ಮೇಲೆ ಒಂದು ಬೆರಳಿನಷ್ಟು ಬಿಟ್ಟು ನಿಂತಿತು.

ಈ ಲೇಖನ ಬರೆಯುವ ಮೊದಲು ಇಬ್ಬರೂ ಮನಿಯಲ್ಲಿ ನಿಜ ಹೇಳಿದೆವು. ನನಗೆ ಅವ್ವನಿಂದ ಚೆನ್ನಾಗಿ ಬೈಗುಳ ಬಿತ್ತು. ಬದುವಿನ ಮಾತು ಇನ್ನೂ ಮುಗಿದಿಲ್ಲ. ಆದರೆ ಮರುದಿನ ದೊಡ್ಡಪ್ಪ ನಮ್ಮ ಬಾಗಿಲಿಗೆ ಬಂದು, ಹುಡುಗರನ್ನು ಗರಡಿ ಬಿಡಿಸಬ್ಯಾಡ ಎಂದು ಅಪ್ಪನಿಗೆ ಹೇಳಿ ಹೋದ. ಎಷ್ಟೋ ತಿಂಗಳ ಮೇಲೆ ಅವರಿಬ್ಬರೂ ಆಡಿದ ಮಾತು ಅದೊಂದೇ.

ನೆನಪಿಡಿ: ಗುರುಗಳಿಲ್ಲದೆ ಯಾರೂ ಕೋಲು ಬೀಸಬಾರದು.

ಪ್ರಶ್ನೆಗಳು
1. ಬೊಕ್ಕೆನ್ ಎಂದರೇನು?
2. ನಿಶ್ಶಸ್ತ್ರೀಕರಣ ಕಾಯ್ದೆ ಬಂದ ವರ್ಷ ಯಾವುದು?
3. ಬೀಸಿದ ಕೋಲನ್ನು ನಿಲ್ಲಿಸುವುದು ಏಕೆ ಕಷ್ಟ? ನಿಮ್ಮ ಮಾತಿನಲ್ಲಿ ಬರೆಯಿರಿ.

ಇಂತಿ ನಿಮ್ಮ ಗೆಳೆಯ,
9ನೇ ತರಗತಿ