ಬಟನ್ ಪರದೆಯ ಕೆಳಗಿದೆ: ದೊಡ್ಡ ಅಕ್ಷರ ಬಳಸುವವರಿಗೆ ಮೊದಲ ಪಾಠ

ನಮ್ಮ ಕಂಪ್ಯೂಟರ್ ತರಗತಿಗೆ ನಿವೃತ್ತ ಶಿಕ್ಷಕಿಯೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ಕಣ್ಣಿಗೆ ಆಯಾಸವಾಗದಿರಲೆಂದು ಮಗ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟಿದ್ದ. "ಸರ್, ಎಲ್ಲಾ ತುಂಬಿದೀನಿ, ಓಕೆ ಬಟನ್ನೇ ಕಾಣ್ತಿಲ್ಲ. ಏನೋ ತಪ್ಪು ಒತ್ತಿಬಿಟ್ಟೆ ಅನ್ಸುತ್ತೆ" ಎಂದರು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಓಕೆ ಬಟನ್ ಪರದೆಯ ಕೆಳ ಅಂಚು ದಾಟಿ ಹೋಗಿತ್ತು, ಅಷ್ಟೆ.

ಕೆಲಸದ ನಡುವೆ ಸಾಫ್ಟ್‌ವೇರ್ ನಮ್ಮನ್ನು ಏನಾದರೂ ಕೇಳಲು ತೆರೆಯುವ ಚಿಕ್ಕ ವಿಂಡೋಗೆ ಡೈಲಾಗ್ ಬಾಕ್ಸ್ ಎನ್ನುತ್ತಾರೆ. ಪ್ರಿಂಟ್ ಕೊಡುವಾಗ, ಸೆಟ್ಟಿಂಗ್ಸ್ ಬದಲಿಸುವಾಗ ಬರುವುದು ಇದೇ. ಓಕೆ, ಕ್ಯಾನ್ಸಲ್ ಬಟನ್‌ಗಳು ಸಾಮಾನ್ಯವಾಗಿ ಇದರ ತಳದಲ್ಲಿರುತ್ತವೆ. ಆದ್ದರಿಂದ ಜಾಗ ಸಾಲದಾದಾಗ ಮೊದಲು ಮರೆಯಾಗುವುದೂ ಅವೇ.

ಜಾಗ ಏಕೆ ಸಾಲುವುದಿಲ್ಲ? ಸ್ಲೇಟನ್ನು ನೆನಪಿಸಿಕೊಳ್ಳಿ. ಅಕ್ಷರ ದಪ್ಪವಾಗಿ ಬರೆದಷ್ಟೂ ಸ್ಲೇಟು ಹಿಡಿಯುವ ಸಾಲು ಕಡಿಮೆ. ಅನೇಕ ಲ್ಯಾಪ್‌ಟಾಪ್‌ಗಳ ಪರದೆ 1366 × 768 ಪಿಕ್ಸೆಲ್ ಇರುತ್ತದೆ. ವಿಂಡೋಸ್‌ನಲ್ಲಿ ಸ್ಕೇಲ್ ಅನ್ನು 150% ಮಾಡಿದರೆ ಪ್ರತಿಯೊಂದೂ ಒಂದೂವರೆ ಪಟ್ಟಾಗುತ್ತದೆ. 768ನ್ನು 1.5ರಿಂದ ಭಾಗಿಸಿ: 512. ಅಂದರೆ ಈಗ ನಿಮ್ಮ ಪರದೆ 512 ಪಿಕ್ಸೆಲ್ ಎತ್ತರದ ಪರದೆಯಷ್ಟೇ ಹಿಡಿಯುತ್ತದೆ, ಅದರಲ್ಲೂ ಟಾಸ್ಕ್‌ಬಾರ್ ಒಂದಿಷ್ಟು ತಿನ್ನುತ್ತದೆ. 600 ಪಿಕ್ಸೆಲ್ ಎತ್ತರಕ್ಕೆಂದು ರೂಪಿಸಿದ ಡೈಲಾಗ್ ಇದರಲ್ಲಿ ಕೂರುವುದು ಹೇಗೆ? 1920 × 1080ರ ಪರದೆಯೂ 200%ಗೆ ಬಂದರೆ ಉಳಿಯುವ ಎತ್ತರ 540 ಮಾತ್ರ.

ವೆಬ್ ಪುಟವಾದರೆ ಕೆಳಕ್ಕೆ ಸ್ಕ್ರಾಲ್ ಮಾಡಬಹುದು. ಹಳೆಯ ಬಗೆಯ ಬಹಳಷ್ಟು ಡೈಲಾಗ್‌ಗಳಿಗೆ ಸ್ಕ್ರಾಲ್ ಇಲ್ಲ, ಮೂಲೆ ಹಿಡಿದು ಎಳೆದರೆ ಚಿಕ್ಕದಾಗುವುದೂ ಇಲ್ಲ. ತೊಂದರೆಯ ಬೇರು ಇಲ್ಲಿದೆ.

ಈಗ ಪರಿಹಾರ. ಅವಸರ ಬೇಡ, ಒಂದೊಂದಾಗಿ ಮಾಡಿ ನೋಡಿ.

ವಿಂಡೋಸ್‌ನಲ್ಲಿ ಮೊದಲು ಆಲ್ಟ್ ಕೀ ಒತ್ತಿ ಹಿಡಿದು ಸ್ಪೇಸ್ ಒತ್ತಿ. ಪುಟ್ಟ ಮೆನು ತೆರೆಯುತ್ತದೆ. ಎಮ್ ಒತ್ತಿ, ನಂತರ ಮೇಲಿನ ಬಾಣದ ಕೀಲಿಯನ್ನು ಒತ್ತುತ್ತಾ ಹೋಗಿ. ಡೈಲಾಗ್ ಮೆಲ್ಲಗೆ ಮೇಲೇರಿ ಅದರ ತಳ ಕಾಣತೊಡಗುತ್ತದೆ. ಎಂಟರ್ ಒತ್ತಿದರೆ ಅಲ್ಲಿಯೇ ನಿಲ್ಲುತ್ತದೆ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರು ಸೂಪರ್ ಕೀ (ವಿಂಡೋಸ್ ಚಿಹ್ನೆಯ ಕೀ) ಹಿಡಿದು ವಿಂಡೋವನ್ನು ಮೌಸ್‌ನಿಂದ ಎಳೆಯಬಹುದು.

ಇದು ಆಗದಿದ್ದರೆ ವಿಂಡೋಸ್‌ನ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂದು ಸಾಗಿ ಸ್ಕೇಲ್ ಅನ್ನು ಸ್ವಲ್ಪ ಹೊತ್ತಿಗೆ 100%ಗೆ ಇಳಿಸಿ. ಕೆಲಸ ಮುಗಿದ ಮೇಲೆ ಮೊದಲಿನಂತೆ ಏರಿಸಿಕೊಳ್ಳಿ.

ಒಂದು ಎಚ್ಚರಿಕೆ. ಕಾಣದ ಬಟನ್ ಅನ್ನು ಎಂಟರ್ ಕೀಲಿಯಿಂದಲೂ ಒತ್ತಬಹುದು, ನಿಜ. ಆದರೆ ಯಾವ ಬಟನ್ ಎಂದು ತಿಳಿಯದೆ ಒತ್ತಬೇಡಿ, ಅಳಿಸಿಹಾಕುವ ವಿಷಯದಲ್ಲಂತೂ ಬೇಡವೇ ಬೇಡ. ಅನುಮಾನವಿದ್ದರೆ ಎಸ್ಕೇಪ್ ಒತ್ತಿ. ಸಾಮಾನ್ಯವಾಗಿ ಅದು ಕ್ಯಾನ್ಸಲ್‌ಗೆ ಸಮ.

ಕನ್ನಡ ಓದುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ಅಕ್ಷರ ಬೆಳೆದಾಗ ಮೊದಲು ಕತ್ತರಿಸಿ ಹೋಗುವುದು ಒತ್ತು. 'ಹಳ್ಳಿ' ಎಂದು ತುಂಬಿದ್ದು 'ಹಳಿ' ಎಂದು ಕಾಣುತ್ತದೆ. 'ರಾಷ್ಟ್ರ'ದಂತಹ ಪದದಲ್ಲಿ ಎರಡು ಒತ್ತುಗಳಿಗೆ ಜಾಗ ಬೇಕು. ಕನ್ನಡಕ್ಕಾಗಿ ಸಾಫ್ಟ್‌ವೇರ್ ಮಾಡುವವರು ಇದನ್ನು ಮರೆಯಬಾರದು.

ಮಾಡುವವರಿಗೆ ಇದು ಅಸಾಧ್ಯದ ಕೆಲಸವಲ್ಲ. ಡೈಲಾಗ್ ಎಂದೂ ಪರದೆಗಿಂತ ಎತ್ತರವಾಗದಂತೆ ಮಿತಿ ಹಾಕಬೇಕು, ನಡುವಿನ ಭಾಗ ಸ್ಕ್ರಾಲ್ ಆಗಬೇಕು, ಬಟನ್‌ಗಳು ತಳದಲ್ಲಿ ಕದಲದೆ ನಿಲ್ಲಬೇಕು. ವೆಬ್‌ಗೆ ಈ ಬಗೆಯ ನಿಯಮ ಆಗಲೇ ಇದೆ. 2018ರಲ್ಲಿ ಬಂದ ಡಬ್ಲ್ಯೂಸಿಎಜಿ 2.1 ಮಾನದಂಡದ ಪ್ರಕಾರ 1280 ಪಿಕ್ಸೆಲ್ ಅಗಲದ ಪರದೆಯಲ್ಲಿ ಪುಟವನ್ನು 400%ಗೆ ಹಿಗ್ಗಿಸಿದರೂ ಓದಲು ಅಡ್ಡಡ್ಡ ಸರಿಸಬೇಕಾಗಬಾರದು. ವೆಬ್‌ನವರು ಪಾಲಿಸಬಹುದಾದ ಶಿಸ್ತನ್ನು ಕಂಪ್ಯೂಟರಿನ ಉಳಿದ ಸಾಫ್ಟ್‌ವೇರ್‌ಗಳೂ ಪಾಲಿಸಬೇಕು.

ಆ ಶಿಕ್ಷಕಿ ಆಲ್ಟ್, ಸ್ಪೇಸ್, ಎಮ್ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನೀವೂ ಬರೆದಿಟ್ಟುಕೊಳ್ಳಿ. ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಡೈಲಾಗ್‌ನ ಸ್ಕ್ರೀನ್‌ಶಾಟ್ ತೆಗೆದು, ಪರದೆಯ ಅಳತೆ ಮತ್ತು ಸ್ಕೇಲ್ ಎಷ್ಟೆಂದು ಬರೆದು ಸಾಫ್ಟ್‌ವೇರ್ ಮಾಡಿದವರಿಗೆ ಕಳಿಸಿ. ದಯವಿಟ್ಟು ಒಂದು ಡೈಲಾಗ್‌ಗಾಗಿ ಅಕ್ಷರಗಳನ್ನು ಕಾಯಂ ಚಿಕ್ಕದು ಮಾಡಿಕೊಂಡು ಕಣ್ಣಿಗೆ ಕಷ್ಟ ಕೊಡಬೇಡಿ.