ಕಾಲೇಜಿನ ಚಿಂತೆ ಎಂಟನೆಯ ತರಗತಿಯಿಂದಲೇ ಇರಲಿ



ಅಡಿಕೆ ಸಸಿ ನೆಟ್ಟ ಮೇಲೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕೆಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಸಿಗಾಲುವೆ, ನೆರಳು, ಗೊಬ್ಬರ ಎಲ್ಲವನ್ನೂ ಮುಂದಾಲೋಚನೆಯಿಂದಲೇ ಮಾಡುತ್ತೇವೆ. ಆದರೆ ಅದೇ ಕೃಷಿಕರು ಮಕ್ಕಳ ಕಾಲೇಜಿನ ವಿಚಾರಕ್ಕೆ ಪಿ.ಯು.ಸಿ. ಫಲಿತಾಂಶ ಬಂದ ಮರುವಾರ ಸಂಘದ ಕಚೇರಿಗೆ ಬರುತ್ತಾರೆ. ಯಾವ ದೃಢೀಕರಣ ಬೇಕು, ಸಾಲ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅಷ್ಟರಲ್ಲಿ ಆಗಬೇಕಾದ ಎಷ್ಟೋ ಕೆಲಸಗಳ ಕಾಲ ಮೀರಿರುತ್ತದೆ. ಆದ್ದರಿಂದ ಎಂಟರಿಂದ ಹತ್ತನೆಯ ತರಗತಿಯವರೆಗೆ ಮಾಡಿಕೊಳ್ಳಬೇಕಾದುದನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ಶಾಲೆ ಬದಲಿಸುವ ವಿಚಾರ. ಏಳನೆಯ ತರಗತಿ ಮುಗಿಯುತ್ತಲೇ ಮಗುವನ್ನು ಪೇಟೆಯ ಶಾಲೆಗೆ ಸೇರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಹಾಗೆ ಸೇರಿಸುವಾಗ ಏನನ್ನು ಬಿಟ್ಟುಕೊಡುತ್ತೇವೆಂದು ತಿಳಿದಿರಬೇಕು. ಸಿ.ಇ.ಟಿ. ಮೂಲಕ ತುಂಬುವ ಸರಕಾರಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ ಮೀಸಲು. ಎರಡಕ್ಕೂ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಹಾಗೆಯೇ ಓದಿರಬೇಕು. ಒಂಬತ್ತು ವರ್ಷ ಓದಿದವರಿಗೆ ಒಂಬತ್ತು ಪಾಲು ಹಕ್ಕು ಎಂಬುದಿಲ್ಲ. ಇನ್ನೊಂದು ಮಾತು. ಕೊಪ್ಪ, ಶೃಂಗೇರಿ, ಮೂಡಿಗೆರೆಗಳು ನಮ್ಮ ಕಣ್ಣಿಗೆ ದೊಡ್ಡ ಹಳ್ಳಿಗಳಂತೆಯೇ ಕಂಡರೂ ಕಾನೂನಿನ ಲೆಕ್ಕದಲ್ಲಿ ಪಟ್ಟಣ ಪಂಚಾಯಿತಿಗಳು. ಅಲ್ಲಿನ ಶಾಲೆ ಗ್ರಾಮೀಣ ಶಾಲೆಯೆನಿಸುವುದಿಲ್ಲ.

ನಮ್ಮ ಸದಸ್ಯರೊಬ್ಬರ ಮಗಳು ಏಳನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಎಂಟಕ್ಕೆ ಪೇಟೆಯ ಇಂಗ್ಲಿಷ್ ಶಾಲೆ ಸೇರಿದಳು. ಊರಿನ ಪ್ರೌಢಶಾಲೆ ಮನೆಯಿಂದ ಎರಡು ಮೈಲಿ. ಪೇಟೆಗೆ ಹದಿನಾಲ್ಕು ಮೈಲಿ, ಬಸ್ಸೂ ಒಂದೇ. ಮೂರು ವರ್ಷ ಮಳೆಯಲ್ಲಿ ನೆನೆದು ಹೋಗಿ ಬಂದಳು. ಸಿ.ಇ.ಟಿ. ಅರ್ಜಿ ತುಂಬುವ ದಿನ ಎರಡು ಹಕ್ಕೂ ಹೋಗಿವೆಯೆಂದು ತಂದೆಗೆ ತಿಳಿಯಿತು. ಹುಡುಗಿ ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ಬೆಳೆದವಳೆಂಬುದು ಅಲ್ಲಿ ಗಣನೆಗೆ ಬರಲಿಲ್ಲ. ಪೇಟೆಯ ಶಾಲೆ ಬೇಡವೆಂದು ನಾವು ಹೇಳುವುದಿಲ್ಲ. ಊರಿನ ಪ್ರೌಢಶಾಲೆಯಲ್ಲಿ ಗಣಿತಕ್ಕೆ ಮೇಷ್ಟರೇ ಇಲ್ಲದಿದ್ದರೆ ಮೀಸಲಾತಿ ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಆದರೆ ಅಲ್ಲಿ ಸಾಧಾರಣ ಮಟ್ಟದ ಪಾಠ ನಡೆಯುತ್ತಿದ್ದರೂ ಸಾಕು, ಬಸ್ಸು ಹಣ ಉಳಿಸಿ ಅದನ್ನೇ ಮನೆಪಾಠಕ್ಕೆ ಹಾಕುವುದು ಮೇಲೆಂದು ನಮ್ಮ ಅಭಿಪ್ರಾಯ.

ಹತ್ತು ವರ್ಷ ಊರಿನಲ್ಲೇ ಓದಿದವರು ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ದೃಢೀಕರಣ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಹಾಕಿಸಿಡಬೇಕು. ಪ್ರಾಥಮಿಕ ಶಾಲೆ ಬೇರೆ, ಪ್ರೌಢಶಾಲೆ ಬೇರೆಯಾಗಿದ್ದರೆ ಎರಡೂ ಕಡೆಯಿಂದ ಬೇಕು. ಮಕ್ಕಳ ಸಂಖ್ಯೆ ಕಡಿಮೆಯಾಗಿ ಎಷ್ಟೋ ಹಳ್ಳಿ ಶಾಲೆಗಳು ಮುಚ್ಚುತ್ತಿರುವ ಈ ಕಾಲದಲ್ಲಿ ಹಾಜರಿ ಪುಸ್ತಕ ಕೈಗೆ ಸಿಗುವಾಗಲೇ ಕೆಲಸ ಮುಗಿಸುವುದು ಲೇಸು. ಸಾಮಾನ್ಯ ವರ್ಗದವರು ಗ್ರಾಮೀಣ ಹಕ್ಕು ಕೇಳುವಾಗ ಕೆನೆಪದರಕ್ಕೆ ಸೇರಿಲ್ಲವೆಂಬ ದೃಢೀಕರಣವನ್ನೂ ತಹಶೀಲ್ದಾರರಿಂದ ತರಬೇಕು. ಅರ್ಜಿಯಲ್ಲಿ ಕೇಳದ ಹಕ್ಕನ್ನು ಆಮೇಲೆ ಕೇಳಿ ಪಡೆಯುವುದು ಬಹಳ ಕಷ್ಟ.

ಹೆಸರಿನ ಗೊಂದಲ ಇನ್ನೊಂದು ರಗಳೆ. ಶಾಲೆಯಲ್ಲಿ ಒಂದು ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ತಂದೆಯ ಹೆಸರು ಪಹಣಿಯಲ್ಲಿ ಮತ್ತೊಂದು ರೀತಿ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲೇ ಇವನ್ನು ಹೊಂದಿಸಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದಕ್ಕೆ ಅಲೆದಾಟ ತಪ್ಪಿದ್ದಲ್ಲ. ನಾಡಕಚೇರಿಯಿಂದ ಪಡೆಯುವ ಆದಾಯ ದೃಢೀಕರಣಕ್ಕೆ ಐದು ವರ್ಷದ ಅವಧಿಯಿದೆ. ಒಂಬತ್ತರಲ್ಲಿ ಮಾಡಿಸಿದರೆ ಪಿ.ಯು.ಸಿ.ವರೆಗೂ ಬರುತ್ತದೆ. ಜಮೀನು ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಪೌತಿ ಖಾತೆಯ ಅರ್ಜಿಯನ್ನು ಈಗಲೇ ಹಾಕಿರಿ. ದಾಯಾದಿಗಳ ಸಹಿ ಒಂದು ತಿಂಗಳಲ್ಲಿ ಆಗುವ ಕೆಲಸವಲ್ಲವೆಂದು ಎಲ್ಲರಿಗೂ ಗೊತ್ತೇ ಇದೆ.

ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿ ಓದುವ ಮಕ್ಕಳಿಗೆ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆಯಿದೆ. ತಂದೆ ತಾಯಿಯ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂ. ಸಿಗುತ್ತದೆ. ಬರೆಯುವ ಅವಕಾಶ ಆ ಒಂದು ವರ್ಷ ಮಾತ್ರ. ಮೇಷ್ಟರನ್ನು ಕೇಳಿ ತಿಳಿದುಕೊಳ್ಳಿರಿ.

ಹತ್ತನೆಯದರ ನಂತರ ವಿಷಯ ಆರಿಸುವಾಗ ತುಸು ನಿಧಾನಿಸಬೇಕು. ಈಗ ಎಲ್ಲರಿಗೂ ಕಂಪ್ಯೂಟರಿನ ಮೇಲೆ ಕಣ್ಣು. ಆದರೆ ಜೀವಶಾಸ್ತ್ರ ಬಿಟ್ಟವರಿಗೆ ಕೃಷಿ ಪದವಿ, ಪಶುವೈದ್ಯ, ವೈದ್ಯ ಯಾವುದೂ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರ ತೆಗೆದುಕೊಂಡವರು ಎಂಜಿನಿಯರಿಂಗಿಗೂ ಹೋಗಬಹುದು, ಕೃಷಿಗೂ ಹೋಗಬಹುದು. ಕೃಷಿ, ತೋಟಗಾರಿಕೆ, ಅರಣ್ಯ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಸೀಟುಗಳಿವೆ, ಹಿಂದೆ ಶೇ. 40 ಇದ್ದುದು ಈಗ ಶೇ. 50ಕ್ಕೆ ಏರಿದೆ. ಅದಕ್ಕೆ ಬೇಕಾದುದು ತಹಶೀಲ್ದಾರರ ದೃಢೀಕರಣ, ಜೊತೆಗೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ. ತೋಟದ ಮನೆಯ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭವಾಗಬೇಕಿತ್ತು. ಆದರೆ ಹಾಸ್ಟೆಲಿನಲ್ಲೇ ಬೆಳೆದ ಕೆಲವು ಮಕ್ಕಳಿಗೆ ಅರೇಬಿಕಾ ಎಲೆ ಯಾವುದು, ರೋಬಸ್ಟಾ ಎಲೆ ಯಾವುದು ಎಂದು ತಿಳಿಯದಿರುವುದನ್ನು ನಾವು ಕಂಡಿದ್ದೇವೆ. ಪರೀಕ್ಷೆಯಲ್ಲಿ ರಾಗಿ, ನವಣೆ, ಹುಚ್ಚೆಳ್ಳುಗಳನ್ನೂ ಕೇಳುತ್ತಾರೆ. ಅವು ನಮ್ಮ ಸೀಮೆಯಲ್ಲಿ ಬೆಳೆಯುವಂಥವಲ್ಲ. ರಜೆಯಲ್ಲಿ ಬಯಲುಸೀಮೆಯ ನೆಂಟರ ಮನೆಗೆ ಕಳುಹಿಸಿದರೆ ಪಾಠವೂ ಆಯಿತು. ಮೂಡಿಗೆರೆ, ಶಿರಸಿಗಳ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ನಮ್ಮ ಬಾಗಿಲಲ್ಲೇ ಇವೆ.

ಇನ್ನು ಹಣದ ವಿಚಾರ. ಕಾಲೇಜಿನ ಶುಲ್ಕ ಕಟ್ಟುವುದು ಮಳೆಗಾಲದಲ್ಲಿ. ಆಗ ನಮ್ಮ ಕೈ ಖಾಲಿ. ಕೊಳೆರೋಗಕ್ಕೆ ಮದ್ದು ಹೊಡೆಸಬೇಕು, ಕೂಲಿ ಕೊಡಬೇಕು, ಹೊಸ ಫಸಲು ಇನ್ನೂ ಮರದ ಮೇಲೆ. ಈ ಇಕ್ಕಟ್ಟಿನಲ್ಲೇ ನಮ್ಮವರು ಬರುವ ಫಸಲನ್ನು ಹಸಿಯಲ್ಲೇ ಒಪ್ಪಂದಕ್ಕೆ ಕೊಟ್ಟು ಮುಂಗಡ ತರುವುದು. ಎಂಟನೆಯ ತರಗತಿಯಿಂದ ತಿಂಗಳಿಗೆ 2,000 ರೂ. ಕಟ್ಟುತ್ತ ಬಂದರೆ ಐದು ವರ್ಷಕ್ಕೆ ಬಡ್ಡಿ ಬಿಟ್ಟು 1,20,000 ರೂ. ಆಗುತ್ತದೆ. ತಿಂಗಳು ತಿಂಗಳು ಕಟ್ಟುವುದು ಸಂಬಳದವರಿಗೆ ಸರಿ. ನಮಗಾದರೆ ಅಡಿಕೆಯನ್ನೋ ಕಾಫಿಯನ್ನೋ ಮಾರಿದ ದಿನವೇ, ಮನೆಗೆ ಹೋಗುವ ಮೊದಲು, ಮಗುವಿನ ಓದಿಗೆಂದು ಒಂದು ಪಾಲು ಠೇವಣಿ ಇಡುವುದು ಒಗ್ಗುತ್ತದೆ. ಧಾರಣೆ ಏರಿದ ವರ್ಷ ಹೆಚ್ಚು ಇಡಿ; ಎಲೆಚುಕ್ಕಿ ರೋಗ ಬಂದ ವರ್ಷ ಇಡಲು ಏನೂ ಉಳಿಯದಿರಬಹುದು. ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದವರು ಹತ್ತನೆಯ ತರಗತಿ ಮುಗಿದ ಮೇಲೆ ಓದಿಗಾಗಿ ಅದರ ಅರ್ಧದವರೆಗೆ ತೆಗೆಯಬಹುದು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲದ ಶೇ. 5 ಹೆಚ್ಚುವರಿ ಸೀಟುಗಳಿವೆ. ಆದಾಯ 8 ಲಕ್ಷ ರೂ. ಒಳಗಿರುವವರು ಸಿ.ಇ.ಟಿ. ಅರ್ಜಿಯಲ್ಲೇ ಇದನ್ನು ಕೇಳಬೇಕು. ಯಾವ ಜಾತಿ ಮೀಸಲಾತಿಯೂ ಇಲ್ಲದ, 5 ಎಕರೆಗಿಂತ ಕಡಿಮೆ ಜಮೀನಿನ, ಆದಾಯ 8 ಲಕ್ಷ ರೂ. ಒಳಗಿನ ಕುಟುಂಬದವರಿಗೆ ಕೇಂದ್ರ ಸರಕಾರದ ವಿದ್ಯಾಸಂಸ್ಥೆಗಳಲ್ಲಿ 2019ರಿಂದ ಶೇ. 10 ಸ್ಥಾನಗಳಿವೆ, ಆ ದೃಢೀಕರಣವನ್ನು ಮಾತ್ರ ಆಯಾ ಆರ್ಥಿಕ ವರ್ಷಕ್ಕೇ ಮಾಡಿಸಬೇಕು. 2021ರಲ್ಲಿ ರಾಜ್ಯ ಸರಕಾರ ರೈತರ ಮಕ್ಕಳಿಗೆ ವಿದ್ಯಾನಿಧಿ ಘೋಷಿಸಿದಾಗ ನಮ್ಮ ಹಲವರು ಅದನ್ನೇ ನಂಬಿ ಲೆಕ್ಕ ಹಾಕಿದರು. ಇಂಥ ಯೋಜನೆಗಳು ಸರಕಾರದೊಡನೆ ಬದಲಾಗುತ್ತವೆ. ಹಣ ಖಾತೆಗೆ ಬಂದರೆ ಸಂತೋಷ, ಮೊದಲೇ ಜಮೆಗೆ ಬರೆದುಕೊಳ್ಳಬಾರದು.

ಸಾಲ ಬೇಕೇ ಬೇಕಾದರೆ ತೋಟ ಅಡವಿಡುವ ಮೊದಲು ವಿದ್ಯಾ ಸಾಲ ಕೇಳಿರಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂ.ವರೆಗೆ ಆಸ್ತಿ ಅಡವೂ ಬೇಡ, ಮೂರನೆಯವರ ಜಾಮೀನೂ ಬೇಡ. ಓದು ಮುಗಿದು ಒಂದು ವರ್ಷದ ನಂತರ ಕಂತು. ಕೇಂದ್ರ ಸರಕಾರ ನವೆಂಬರ್ 2024ರಲ್ಲಿ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದೆ ಸಾಲವಿದೆ. ಆದಾಯ 8 ಲಕ್ಷ ರೂ.ವರೆಗಿನವರಿಗೆ 10 ಲಕ್ಷ ರೂ.ವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯೂ ಉಂಟು. ಸೇರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಸೀಟು ಆರಿಸುವ ಮೊದಲೇ ನೋಡಿಕೊಳ್ಳಬೇಕು. ಡೊನೇಷನ್ ಕೊಟ್ಟು ಸೀಟು ಕೊಳ್ಳಲು ಎರಡು ಎಕರೆ ಮಾರಿದವರು ನಮ್ಮ ತಾಲೂಕಿನಲ್ಲಿದ್ದಾರೆ. ಆ ತೋಟವೂ ಮರಳಿ ಬಂದಿಲ್ಲ.

ಕೊನೆಯದಾಗಿ, ನಮ್ಮ ಲೈನ್ ಮನೆಗಳ ಮಕ್ಕಳು. ತೋಟ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಅರ್ಜಿಗೆ ತೋಟದ ಮಾಲೀಕರ ಸಹಿ ಬೇಕಾದಾಗ ನಾಳೆ ಬಾ ಎನ್ನದೆ ಹಾಕಿಕೊಡಿ. ಎಂಟರಿಂದ ಹತ್ತನೆಯ ತರಗತಿಯಲ್ಲಿರುವ ಮಕ್ಕಳ ಪಾಲಕರು ಪಹಣಿ, ಆಧಾರ್ ಮತ್ತು ಶಾಲಾ ದಾಖಲೆಯ ಪ್ರತಿಗಳೊಡನೆ ಯಾವುದೇ ಶನಿವಾರ ಮಧ್ಯಾಹ್ನದೊಳಗೆ ಸಂಘದ ಕಚೇರಿಗೆ ಬಂದರೆ, ಯಾವ ಕಾಗದ ಇದೆ, ಯಾವುದು ಬೇಕು ಎಂದು ನೋಡಿ ಹೇಳುತ್ತೇವೆ. ಕಾರ್ಮಿಕರ ಮಕ್ಕಳನ್ನೂ ಜೊತೆಗೆ ಕರೆತನ್ನಿರಿ.