ದ್ವೇಷವೆಂಬ ಒಳರೋಗ

ನಮ್ಮ ಕೊರಟಗೆರೆ ಸೀಮೆಯಲ್ಲಿ ಒಂದು ಮೊಳ ಬದುವಿಗಾಗಿ, ಕೊಳವೆಬಾವಿಯ ನೀರಿಗಾಗಿ ಒಡಹುಟ್ಟಿದವರೇ ವರ್ಷಗಟ್ಟಲೆ ಮಾತು ಬಿಟ್ಟಿರುವುದುಂಟು. ನಿದ್ರೆಯಿಲ್ಲ, ಎದೆಯುರಿ, ತಲೆಶೂಲೆ ಎಂದು ಬರುವ ಅಂಥವರಿಗೆ ಔಷಧವು ತಾತ್ಕಾಲಿಕ ಶಮನವನ್ನಷ್ಟೇ ನೀಡುತ್ತದೆ. ವ್ಯಾಧಿಯ ಬೇರು ಮನಸ್ಸಿನಲ್ಲಿರುತ್ತದೆ.

ಪತಂಜಲಿ ಮಹರ್ಷಿಗಳು ದ್ವೇಷವನ್ನು ಪಂಚಕ್ಲೇಶಗಳಲ್ಲಿ ಒಂದೆಂದು ಎಣಿಸಿ, ಅದು ದುಃಖವನ್ನು ಹಿಂಬಾಲಿಸಿ ಬರುವುದೆಂದು ತಿಳಿಸಿದ್ದಾರೆ. ಮೊದಲು ನೋವು, ಅವಮಾನ ಅಥವಾ ಭಯ. ಅದನ್ನು ಮನಸ್ಸು ದಿನವೂ ಮೆಲುಕು ಹಾಕಿದರೆ ದ್ವೇಷ. ಚರಕಾಚಾರ್ಯರು ರಜಸ್ಸು, ತಮಸ್ಸುಗಳನ್ನು ಮನಸ್ಸಿನ ದೋಷಗಳೆಂದಿದ್ದಾರೆ. ಕ್ರೋಧದಿಂದ ಪಿತ್ತ ಕೆರಳುತ್ತದೆ. ಕ್ರೋಧದಲ್ಲಿ ಉಂಡರೆ ಹಿತಮಿತವಾದ ಆಹಾರವೂ ಜೀರ್ಣವಾಗದು. ಕೋಪದಲ್ಲಿ ಅಡ್ರಿನಲಿನ್ ಸ್ರವಿಸಿ ನಾಡಿಬಡಿತ, ರಕ್ತದೊತ್ತಡ ಏರುವುದನ್ನು ಆಧುನಿಕ ವೈದ್ಯವೂ ಹೇಳುತ್ತದೆ.

ಹಾಗಾದರೆ ಅನ್ಯಾಯ ಮಾಡಿದವರನ್ನು ದ್ವೇಷಿಸುವುದು ನ್ಯಾಯವಲ್ಲವೆ? ಈ ಪ್ರಶ್ನೆ 12ನೆಯ ಶತಮಾನದ ಕಲ್ಯಾಣದಲ್ಲಿಯೂ ಎದ್ದಿತ್ತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾದುದಕ್ಕಾಗಿ ಆ ಹಿರಿಯರಿಬ್ಬರಿಗೂ ಎಳೆಹೂಟೆಯ ಘೋರ ಶಿಕ್ಷೆಯಾಯಿತು. ಶರಣರಿಗೆ ಬಂದ ಕೋಪ ಸಕಾರಣವಾದುದೇ. ಆದರೆ ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರೆಂದೂ, ಬಳಿಕ ಶರಣರು ಚದುರಿ ಹಲವರು ಉಳವಿಯತ್ತ ಸಾಗಬೇಕಾಯಿತೆಂದೂ ಪರಂಪರೆ ಹೇಳುತ್ತದೆ. ಆ ಕೊಲೆಯಿಂದ ಹರಳಯ್ಯನವರು ಮರಳಲಿಲ್ಲ. ನಮಗೆ ಉಳಿದು ಬಂದದ್ದು ಕತ್ತಿಯಲ್ಲ, ಶರಣರು ಕಾಪಾಡಿದ ವಚನಗಳ ಕಟ್ಟು.

ಆದುದರಿಂದ ಕೋಪ ಬೇರೆ, ದ್ವೇಷ ಬೇರೆ. ಅನ್ಯಾಯವನ್ನು ಕಂಡು ಕೆರಳುವುದು ಸಹಜ. ಪಂಚಾಯಿತಿಯಲ್ಲಿ, ನ್ಯಾಯಾಲಯದಲ್ಲಿ ಅದನ್ನು ಎದುರಿಸುವುದು ಧರ್ಮ. ಕೃತ್ಯವನ್ನು ಬಿಟ್ಟು ವ್ಯಕ್ತಿಯ ಕೇಡನ್ನೇ ಬಯಸತೊಡಗಿದರೆ ಅದು ದ್ವೇಷ, ಅದಕ್ಕೆ ಸಮರ್ಥನೆಯಿಲ್ಲ. ಬಸವಣ್ಣನವರು ಮನದ ಕೋಪವನ್ನು ಮನೆಯೊಳಗಿನ ಬೆಂಕಿಗೆ ಹೋಲಿಸಿದ್ದು ಇದಕ್ಕಾಗಿಯೇ.

ಮಲಮೂತ್ರಾದಿ ವೇಗಗಳನ್ನು ತಡೆಯಬಾರದು. ಕ್ರೋಧ, ಈರ್ಷ್ಯೆ, ಲೋಭಗಳ ವೇಗವನ್ನು ತಡೆಯಬೇಕು ಎಂಬುದು ಚರಕರ ನಿಯಮ. ಮನಸ್ಸನ್ನು ಅಹಿತ ವಿಷಯಗಳಿಂದ ಹಿಂದಕ್ಕೆ ತರುವ ಈ ಚಿಕಿತ್ಸೆಗೆ ಸತ್ತ್ವಾವಜಯವೆಂದು ಹೆಸರು. ಅದಕ್ಕೆ ಸಾಧನಗಳು ಇವು: ಪ್ರಾತಃಕಾಲ ಇಷ್ಟಲಿಂಗಪೂಜೆಯಲ್ಲಿ ದೃಷ್ಟಿಯನ್ನು ನಿಲ್ಲಿಸುವುದು, ಅತಿಯಾದ ಖಾರ, ಹುಳಿ, ಉಪ್ಪು ಹಾಗೂ ಮದ್ಯವನ್ನು ವರ್ಜಿಸುವುದು, ಕೋಪ ಇಳಿದ ಮೇಲೆಯೇ ಉಣ್ಣುವುದು, ರಾತ್ರಿ ಪಾದಗಳಿಗೆ ಎಳ್ಳೆಣ್ಣೆ ಸವರಿ ಮಲಗುವುದು. ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಎಲ್ಲಕ್ಕಿಂತ ಮೊದಲು, ಮಾತು ಬಿಟ್ಟವರು ಎದುರಾದಾಗ ಒಂದು ‘ಶರಣು’ ಹೇಳಬೇಕು. ವ್ಯಾಜ್ಯ ತೀರುವುದು ತಡವಾಗಬಹುದು. ನಿದ್ರೆಯಾದರೂ ಮೊದಲು ಮರಳೀತು.